ಮಿಲ್ಲಿನ ಹೊಸಲು

ಮಿಲ್ಲಿನ ಹೊಸಲನ್ನು ಎಂದೂ ಕೀಳಿಸುವುದಿಲ್ಲ ಎಂದು ಪುಟ್ಟರಾಜು, ಅಪ್ಪ ತೀರಿಕೊಂಡ ವರ್ಷ, ತಾಯಿ ಅಂಕಮ್ಮನಿಗೆ ಮಾತು ಕೊಟ್ಟಿದ್ದ. ಅಕ್ಕಿ ಹೊರಗೆ ಚೆಲ್ಲದಿರಲೆಂದು ಅಜ್ಜನ ಕಾಲದಲ್ಲಿ ಹಾಕಿದ ಗೇಣೆತ್ತರದ ಹಲಸಿನ ದಿಮ್ಮಿ ಅದು. ಮದ್ದೂರಿನ ಆ ಮಿಲ್ಲು ನಿಂತುಹೋದರೂ ಅಂಕಮ್ಮ ಶುಕ್ರವಾರ ಬಂದು ಅದಕ್ಕೆ ಅರಿಶಿನ ಕುಂಕುಮ ಇಡುವುದನ್ನು ಬಿಟ್ಟಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಮಿಲ್ಲು ಹೆಣ್ಣುಮಕ್ಕಳ ಹೊಲಿಗೆ ಶಾಲೆಯಾಯಿತು. ಪುಟ್ಟರಾಜುವಿನ ಮಗಳು ಸಣ್ಣತಾಯಿಯೂ ಸೇರಿದಳು. ಕಟ್ಟಡದ ತಪಾಸಣೆಗೆ ಮಂಡ್ಯದಿಂದ ಬಂದ ಇಂಜಿನಿಯರ್ ವರದರಾಜರು ಮಾಡಿನ ತೊಲೆಯನ್ನು ಉಗುರಿನಿಂದ ಕೆರೆದರು. ತೌಡಿನ ಧೂಳು, ಎಣ್ಣೆಯ ಜಿಡ್ಡು. ಕೆಳಗೆ ಬಟ್ಟೆಯ ರಾಶಿ, ಕೆಂಡದ ಇಸ್ತ್ರಿಪೆಟ್ಟಿಗೆ.

"ಕಟ್ಟಡ ಗಟ್ಟಿಯಾಗಿದೆ, ಕೆಡವೋದು ಬೇಡ. ತೊಲೆ ಕೆರೆಸಿ ಸುಣ್ಣ ಹೊಡೆಸಿ. ಮರಳು, ನೀರು ತುಂಬಿದ ಬಕೆಟ್ಟು ತೂಗುಹಾಕಿ. ಮೂರು ಕಡೆ ಬೇರೆಯವರ ಗೋಡೆ, ಇರೋದು ಒಂದೇ ಬಾಗಿಲು. ಅದು ಹೊರಕ್ಕೆ ತೆಗೀಬೇಕು. ಹೊಸಲು ಇರಕೂಡದು."

"ಉಳಿದದ್ದೆಲ್ಲಾ ಮಾಡುಸ್ತೀನಿ ಸ್ವಾಮಿ. ಹೊಸಲೊಂದು ಬುಡಿ," ಎಂದ ಪುಟ್ಟರಾಜು.

"ಬೆಂಕಿ ಬಿದ್ದರೆ?"

"ಯಾವತ್ತು ಬೀಳ್ತದೆ ಅಂತ ಯೋಳ್ಬುಡಿ ಸ್ವಾಮಿ," ಎಂದಳು ಅಂಕಮ್ಮ. "ಅವತ್ತು ಮಕ್ಕಳಿಗೆ ರಜ ಕೊಟ್ಬುಡಾನ."

ವರದರಾಜರೂ ನಕ್ಕರು. ಆಮೇಲೆ ಹೊಗೆ ಕವಿದಂತೆ ಕತ್ತಲಾಗಲೆಂದು ಮುಂಗಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗಂಟೆ ಹೊಡೆದ ಕೂಡಲೇ ಹೊರಗೆ ಓಡಬೇಕೆಂದು ಹುಡುಗಿಯರಿಗೆ ಹೇಳಿ ಗಂಟೆ ಹೊಡೆದರು.

ಎಲ್ಲರಿಗಿಂತ ಮುಂದೆ ಸಣ್ಣತಾಯಿ. ಬಾಗಿಲವರೆಗೂ ಓಡಿ ಬಂದವಳು ಹೊಸಲ ಹತ್ತಿರ ನಿಂತಳು. ಲಂಗ ಎತ್ತಿ ಹಿಡಿದು, ಬಗ್ಗಿ ಹೊಸಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನವಳು ಬಂದು ಅವಳ ಮೇಲೆ ಬಿದ್ದಳು, ಅವಳ ಮೇಲೆ ಇನ್ನೊಬ್ಬಳು. ಬಾಗಿಲು ಕಟ್ಟಿಹೋಯಿತು.

"ಎದ್ದೇಳ್ರೇ, ಉಸಿರು ಕಟ್ತದೆ," ಎಂದು ತಳದಿಂದ ಸಣ್ಣತಾಯಿಯ ದನಿ. ಹುಡುಗಿಯರು ನಗುತ್ತಲೇ ಒಬ್ಬೊಬ್ಬರಾಗಿ ಎದ್ದರು.

"ಯಾಕವ್ವಾ ನಿಂತ್ಕಂಡೆ?" ಎಂದ ಪುಟ್ಟರಾಜು.

"ಹೊಸಲಲ್ವಾಪ್ಪ? ತುಳುದ್ರೆ ಅಜ್ಜಿ ಸುಮ್ಕಿದ್ದಾಳಾ?"

ಅಂಕಮ್ಮ ನಗಲಿಲ್ಲ. ವರದರಾಜರು ನಕ್ಷೆ ಸುತ್ತಿಕೊಂಡು ಬಸ್ಸಿಗೆ ಹೋದರು.

ಮನೆಯ ದಾರಿಯಲ್ಲಿ ಪುಟ್ಟರಾಜು ಬಾಯಿ ತೆರೆದ. "ಅವ್ವಾ..."

"ನನ್ನ ಕೇಳ್ಬ್ಯಾಡ ಕಣ್ಲಾ. ಕೇಳುದ್ರೆ ಬ್ಯಾಡ ಅಂತೀನಿ."

ಸ್ವಲ್ಪ ದೂರ ನಡೆದ ಮೇಲೆ ಅವಳೇ ಅಂದಳು: "ಮಗು ಅಡೀಲಿ ಸಿಕ್ಕಾಕ್ಕೊಂಡಿತ್ತಲ್ಲ."

ಆ ಶುಕ್ರವಾರ ಅವಳು ಹೊಸಲಿಗೆ ಅರಿಶಿನ ಬಳಿಯುತ್ತಾ ಬಹಳ ಹೊತ್ತು ಕುಳಿತಿದ್ದಳು. ಮುಂದಿನ ಶುಕ್ರವಾರ ಮಿಲ್ಲಿನ ಕಡೆ ಬರಲಿಲ್ಲ. ಅಷ್ಟರಲ್ಲಿ ಬಡಗಿ ಮುದ್ದಯ್ಯ ಹಾರೆ ಹಾಕಿ ದಿಮ್ಮಿಯನ್ನು ಮೀಟಿ ತೆಗೆದು, ಆ ಜಾಗಕ್ಕೆ ನೆಲಸಮ ಗಾರೆ ಮೆತ್ತಿಸಿದ್ದ.

ಪುಟ್ಟರಾಜು ಕೊಟ್ಟ ಮಾತಿಗೆ ತಪ್ಪಿದ.