ಒರೆಸದೆ ಉಳಿದ ಎಣ್ಣೆ

ಸಾಕಿಯಸಿ ಹೊಸ ಬಂದೂಕು ತಂದ ದಿನ ಧ್ರುವದ ಬಳಿಯ ಬ್ಯಾಫಿನ್ ದ್ವೀಪದ ನಮ್ಮ ಹಳ್ಳಿಯವರೆಲ್ಲ ಅದನ್ನು ಒಂದು ಸಲ ಮುಟ್ಟಿ ನೋಡಿದರು. ನೋಡಲು ಹಳೇ ಕಾಲದ ಮಾದರಿ, ನುಣುಪಾದ ಮರದ ಹಿಡಿ. ಆದರೆ ಒಂದು ಗುಂಡು ಹಾರಿದರೆ ಇನ್ನೊಂದು ತಾನಾಗಿಯೇ ಬಂದು ಕೂರುತ್ತಿತ್ತು.

"ಅಪ್ಪಾ, ಪ್ರತಿ ಸಲ ಕೀಲಿ ಎಳೆಯೋ ಗೋಜಿಲ್ಲ. ಮೊದಲನೇದು ತಪ್ಪಿದ್ರೂ ಎರಡನೇದು ಕಾಯ್ತಿರತ್ತೆ."

ಅವನ ತಂದೆ ನಾತಾರಣ್ಣ ಕೈಯಿಂದ ಕೀಲಿ ಎಳೆಯುವ ತನ್ನ ಹಳೆಯ ಬಂದೂಕನ್ನು ಬಿಟ್ಟವನಲ್ಲ. "ಎರಡನೇದು ಕಾಯ್ತಿದೆ ಅಂದ್ರೆ ಮೊದಲನೇದಕ್ಕೆ ಯಾರಪ್ಪ ಗುರಿ ಇಡ್ತಾರೆ? ಮದುಮಗನಂಥ ಈ ನಿನ್ನ ಬಂದೂಕಿನ ಹೊಟ್ಟೇಲಿ ನೂರೆಂಟು ಕೀಲು. ಚಳೀಲಿ ಒಂದು ಮುನಿಸಿಕೊಂಡ್ರೆ ಮುಗೀತು."

"ನಿನ್ನ ಮಂಡಿ ಕೀಲಿಗಿಂತ ವಾಸಿ ಬಿಡು!"

ನಾತಾರಣ್ಣ ಚಹಾ ಚೆಲ್ಲುವಷ್ಟು ನಕ್ಕ.

ಆ ವರ್ಷ ಬಂದೂಕು ಮಗನ ಮಾತು ಉಳಿಸಿತು. ಸಾಕಿಯಸಿ ನಿಂತಲ್ಲೇ ಎರಡು ಹಿಮಸಾರಂಗ ಹೊಡೆದು, ಬೇಟೆಗೆ ಹೋಗುವವರಿಲ್ಲದ ಮನೆಗಳಿಗೆ ಮೊದಲು ಮಾಂಸ ಕಳಿಸಿದ. ವಿಧವೆಯಾದ ನನ್ನ ಮನೆಗೂ ಬಂತು. ಇಗರ್ಜಿಯಲ್ಲಿ ಅವನ ಹೆಸರೆತ್ತಿ ಪ್ರಾರ್ಥಿಸಿದೆ.

ಅವನ ಹೆಂಡತಿ ರೀಪೀಕಾ ನಮ್ಮವಳೇ, ಆದರೆ ದಕ್ಷಿಣದ ದೊಡ್ಡ ಊರಲ್ಲಿ ಬೆಳೆದವಳು. ನಾವು ಬಂದೂಕನ್ನು ಬೆಚ್ಚಗಿನ ಕೋಣೆಗೆ ತರುವುದಿಲ್ಲ; ಬಾಗಿಲಾಚೆಯ ಥಂಡಿಯಲ್ಲೇ ಬಿಡುತ್ತೇವೆ. ಚಳಿಗಾಲದಲ್ಲಿ ಎಣ್ಣೆ ಸೋಕಿಸುವುದಿಲ್ಲ, ಅದು ಗಟ್ಟಿಯಾಗಿ ಕೀಲುಗಳನ್ನು ಹಿಡಿದುಬಿಡುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗೊತ್ತಿರುತ್ತದೆ ಅಂದುಕೊಂಡಿದ್ದೆವು.

ಚಳಿಗಾಲದ ಒಂದು ಸಂಜೆ ಗಂಡ ದಣಿದು ಬಂದು ಹಾಗೇ ಒರಗಿದ್ದ. ಅವನಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ಅವಳು ಬಂದೂಕನ್ನು ಒಳಗೆ ತಂದು, ಕೀಲುಕೀಲಿಗೂ ಎಣ್ಣೆ ಹಾಕಿ, ಮತ್ತೆ ಹೊರಗಿಟ್ಟಳು.

ಮರುದಿನ ತಂದೆ ಮಗ ಸೀಲ್ ಬೇಟೆಗೆ ಹೋದರು. ಸೀಲ್ ಉಸಿರಿಗೆಂದು ಬರುವ ಮಂಜುಗಡ್ಡೆಯ ತೂತಿನ ಮೇಲೆ ನಾತಾರಣ್ಣ ಬಾಗಿದ್ದ. ಅವನ ಬಂದೂಕು ದೂರ ನಿಲ್ಲಿಸಿದ್ದ ಹಿಮಬಂಡಿಯಲ್ಲಿತ್ತು. ಬೆನ್ನ ಹಿಂದಿನಿಂದ ಹಿಮಕರಡಿ ಬಂತು. ಸಾಕಿಯಸಿಯ ಮೊದಲ ಗುಂಡು ಅದರ ಭುಜಕ್ಕೆ ತಾಗಿತು. ಎರಡನೆಯದು ಬರಲಿಲ್ಲ.

ತಂದೆಯ ಸಮಾಧಿಯಾದ ಮೇಲೆ ಸಾಕಿಯಸಿ ಊಟ ಬಿಟ್ಟ. ನೋಡಲು ಹೋದವರಿಗೆಲ್ಲ ಒಂದೇ ಮಾತು: "ಅಪ್ಪ ಹೇಳಿದ್ದ. ನನ್ನ ಶೋಕಿ ಅವನನ್ನ ತಿಂತು."

ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆಂದು ರೀಪೀಕಾಳಿಗೆ ತಿಳಿದದ್ದೇ ಆಗ, ಸಂತಾಪ ಹೇಳಲು ಬಂದ ಗಂಡಸರ ಮಾತಿನಿಂದ. ಇಗರ್ಜಿಯಲ್ಲಿ ನನ್ನ ಪಕ್ಕ ಬಂದು ಕೂತು ಆ ಸಂಜೆಯದ್ದನ್ನೆಲ್ಲ ಹೇಳಿದಳು. "ದೊಡ್ಡಮ್ಮಾ, ಹೇಳಿದ್ರೆ ನನ್ನನ್ನ ಬಿಟ್ಟುಬಿಡ್ತಾನೆ. ಹೇಳದಿದ್ರೆ ಅವನೇ ಉಳಿಯಲ್ಲ."

"ಏಳು, ನಾನೂ ಬರ್ತೀನಿ," ಎಂದು ಕೈಹಿಡಿದು ಕರೆದುಕೊಂಡು ಹೋದೆ.

ಅವನು ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಅವಳು ನಿಂತೇ ಹೇಳಿದಳು: "ಎಣ್ಣೆ ಹಾಕಿದ್ದು ನಾನು."

ಸಾಕಿಯಸಿ ತಲೆ ಎತ್ತಲಿಲ್ಲ. "ಗೊತ್ತು. ಅವತ್ತು ಬೆಳಿಗ್ಗೆ ಕೈಗೆ ತಗೊಂಡಾಗ್ಲೇ ವಾಸನೆ ಬಂತು."

"ಮತ್ತೆ... ಒರೆಸಲಿಲ್ಲ ಯಾಕೆ?"

"ನೀನು ಕಿಟಕೀಲಿ ನಿಂತು ನೋಡ್ತಿದ್ದೆ. ನಿನ್ನ ಕಣ್ಮುಂದೆ ಹೇಗೆ ಒರೆಸ್ಲಿ? ಊರು ದಾಟಿದ ಮೇಲೆ ಅಂದ್ಕೊಂಡೆ. ದಾರೀಲಿ ಅಪ್ಪ ಏನೋ ತಮಾಷೆ ಶುರು ಮಾಡ್ದ... ಮರ್ತೇಬಿಟ್ಟೆ."

ಅವಳು ಅಲ್ಲೇ ಕುಸಿದು ಅವನ ತೋಳಿಗೆ ಹಣೆ ಒತ್ತಿದಳು. ಅವನು ಅವಳನ್ನು ಹಿಡಿದುಕೊಳ್ಳಲಿಲ್ಲ, ದೂಡಲೂ ಇಲ್ಲ.

ಸ್ವಾಮೀ, ಇಬ್ಬರಲ್ಲಿ ಯಾರನ್ನು ಮೊದಲು ಸಂತೈಸಲಿ ಎಂದು ದೇವರನ್ನು ಕೇಳಿಕೊಳ್ಳುತ್ತ ನಾನು ಒಲೆ ಹೊತ್ತಿಸಿದೆ.