ಶಾಲು ತೆಗೆದಿಟ್ಟ ಹದಿನಾರು ದಿನ

ತಣ್ಣನೆ ಕೋಣೆಯ ಬಾಗಿಲಿನ ಒಳಮೈ ಮೇಲೆ ದೊಡ್ಡಮ್ಮ ಸೀಮೆಸುಣ್ಣದಿಂದ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ಹೂವಿನ ನರ್ಸರಿಯಲ್ಲಿ ಇಪ್ಪತ್ತು ವರ್ಷದಿಂದ ಆ ಕೋಣೆ ಅವಳದೇ. ಒದ್ದೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಗಳಲ್ಲಿ ಲಿಲ್ಲಿ ಗಡ್ಡೆಗಳು ಮಲಗಿರುತ್ತಿದ್ದವು. ನಲವತ್ತೆರಡು ದಿನ ಚಳಿ ಉಂಡ ಮೇಲೆಯೇ ಅವು ಗಾಜಿನ ಮನೆಯ ಕುಂಡಗಳಿಗೆ ಹೋಗಬೇಕು.

ಕೆಲಸಕ್ಕೆ ಹೊಸದಾಗಿ ಸೇರಿದ್ದ ಅವಳ ತಂಗಿಯ ಮಗಳು ಪುಟ್ಟಿಗೆ ಇದೆಲ್ಲ ತಮಾಷೆಯಾಗಿತ್ತು.

"ಗಡ್ಡೆಗೆ ಕ್ಯಾಲೆಂಡರ್ ಓದೋಕೆ ಬರುತ್ತಾ ದೊಡ್ಡಮ್ಮ?"

"ನಮ್ಮ ಮ್ಯಾನೇಜರಿಗಿಂತ ಚೆನ್ನಾಗಿ ಬರುತ್ತೆ."

ಆಮೇಲೆ ದೊಡ್ಡಮ್ಮ ಒಂದು ಗಡ್ಡೆಯನ್ನು ಪುಟ್ಟಿಯ ಅಂಗೈಯಲ್ಲಿಟ್ಟು ವಿವರಿಸಿದಳು. ನಾಲ್ಕು ದಿನ ಚಳಿ ಬಿದ್ದು ಮತ್ತೆ ಬೆಚ್ಚಗಾದರೆ ಇದು ಮೋಸ ಹೋಗುವುದಿಲ್ಲ. ಅಷ್ಟಕ್ಕೇ ಮೊಗ್ಗು ಬಿಟ್ಟು ಮುಂದಿನ ಚಳಿಗೆ ಸಿಕ್ಕಿ ಸುಟ್ಟುಹೋಗುವ ದಡ್ಡತನ ಇದಕ್ಕಿಲ್ಲ. ಚಳಿಗಾಲ ಪೂರ್ತಿ ಕಳೆಯಿತೆಂದು ಖಾತ್ರಿಯಾದರೆ ಮಾತ್ರ ಹೂವು. ಇಲ್ಲದಿದ್ದರೆ ಬರೀ ಎಲೆ. ಪುಟ್ಟಿ ಅಂಗೈ ನೋಡಿದಳು. ಕಣ್ಣಿಲ್ಲ, ಕಿವಿಯಿಲ್ಲ, ಬೆಳ್ಳುಳ್ಳಿಯಂಥ ಪದರ ಪದರದ ಒಂದು ಮುದ್ದೆ. ಅದರೊಳಗೆ ಚಳಿಗಾಲದ ಉದ್ದ ಅಳೆಯುವ ಬುದ್ಧಿ ಕೂತಿತ್ತು.

ಆ ಕೋಣೆಯಲ್ಲಿ ಥರ್ಮಾಮೀಟರಿಗೂ ಒಂದು ಕವಚವಿತ್ತು. ಅದರ ಕೆಳಗೆ ದಿನವಿಡೀ ಪೆಟ್ಟಿಗೆ ಎತ್ತಿಡುವ ಹೆಂಗಸಿಗೆ ಕೋಟಿರಲಿಲ್ಲ. ಮೂರು ವರ್ಷದಿಂದ ಕೇಳುತ್ತಿದ್ದ ದೊಡ್ಡಮ್ಮನಿಗೆ ಮ್ಯಾನೇಜರು ನಗುತ್ತಾ, ಚಳಿ ತಿಂದರೆ ನೀವೂ ಅರಳುತ್ತೀರಿ ಬಿಡಿ ಅಂದಿದ್ದರು. ಅವಳು ಮಗನ ಹಳೇ ಶಾಲನ್ನು ಎದೆಗೆ ಅಡ್ಡ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿಕೊಂಡು ದುಡಿಯುತ್ತಿದ್ದಳು.

ಹದಿನೈದನೇ ಗೀಟಿನ ಮಾರನೆಯ ದಿನ ತಣ್ಣಗಿಡುವ ಯಂತ್ರ ಕೆಟ್ಟಿತು. ಬಿಡಿಭಾಗ ಬಂದು ಅದು ಮತ್ತೆ ಗುರ್ರೆನ್ನಲು ಹದಿನಾರು ದಿನ ಹಿಡಿಯಿತು. ಅಷ್ಟೂ ದಿನ ದೊಡ್ಡಮ್ಮ ಶಾಲು ಬಿಚ್ಚಿ ಗೂಟಕ್ಕೆ ನೇತುಹಾಕಿ ಕೆಲಸ ಮಾಡಿದಳು, ಬಾಗಿಲ ಮೇಲೆ ಗೀಟಿನ ಬದಲು ಸೊನ್ನೆ ಬರೆದಳು. ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ಚಳಿ ಒಂದು ದಿನವೂ ತಪ್ಪಲಿಲ್ಲ. ಮ್ಯಾನೇಜರು ಶನಿವಾರಕ್ಕೊಮ್ಮೆ ಕುರ್ಚಿಯಲ್ಲೇ ಕೂತು ಇಡೀ ವಾರದ ಸಾಲುಗಳಿಗೆ 'ಐದು ಡಿಗ್ರಿ' ಎಂದು ತುಂಬುತ್ತಿದ್ದರು.

ರಿಜಿಸ್ಟರಿನ ನಲವತ್ತೆರಡನೇ ದಿನ ಅವರೇ ಬಂದು ಎಲ್ಲ ಹೊರಗೆ ಹಾಕಿ ಎಂದರು. ಯಾವುದೋ ದೊಡ್ಡ ಸಭಾಂಗಣದ ಉದ್ಘಾಟನೆಗೆ ಹೂವು ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು. ಇಪ್ಪತ್ತಾರೇ ದಿನ ಆಗಿದೆ, ಇನ್ನೂ ಹದಿನಾರು ಬೇಕು ಎಂದಳು ದೊಡ್ಡಮ್ಮ. ಬಾಗಿಲ ಮೇಲೆ ಗೀಚಿದ್ದೆಲ್ಲ ದಾಖಲೆಯಾಗುತ್ತಾ ಎಂದು ಅವರು ಗದರಿದರು. ಪುಟ್ಟಿ ಹಿಂದಿನಿಂದ ಅವಳ ಸೆರಗು ಜಗ್ಗಿದಳು. ದೊಡ್ಡಮ್ಮ ಜಗ್ಗಲಿಲ್ಲ. ಕೊನೆಯ ಸಾಲಿನ ಪೆಟ್ಟಿಗೆಗಳ ಮೇಲೆ ಹೋಗಿ ಕೂತೇಬಿಟ್ಟಳು.

"ಉಳಿದಿದ್ದು ತಗೊಂಡು ಹೋಗಿ ಸಾರ್. ಈ ಸಾಲು ನನಗೆ ಬಿಡಿ. ಇದು ಹೂ ಬಿಡಲಿಲ್ಲ ಅಂದ್ರೆ ನೀವು ಕೆಲಸದಿಂದ ತೆಗೆಯೋ ಕಾಗದ ಬರೆಯೋದೂ ಬೇಡ, ನಾನೇ ಮನೆಗೆ ಹೋಗ್ತೀನಿ."

ಮ್ಯಾನೇಜರು ಆ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಹೊರಗೆ ಸಾಗಿಸಿದರು. ಸಂಜೆ ಮನೆಯ ದಾರಿಯುದ್ದಕ್ಕೂ ಪುಟ್ಟಿ ಬೈದಳು. ಮನೆ ನಡೆಯುವುದು ಇಬ್ಬರ ದುಡಿಮೆಯಿಂದ, ಒಂದು ಗಡ್ಡೆ ನಂಬಿ ಹೊಟ್ಟೆ ಪಣಕ್ಕಿಡುವವರುಂಟೇ ಎಂದಳು. ದೊಡ್ಡಮ್ಮ ಹೂಂಗುಟ್ಟುತ್ತಾ ನಡೆದಳು.

ಹದಿನಾರು ದಿನ ಕಳೆದು ಆ ಸಾಲೂ ಗಾಜಿನ ಮನೆ ಸೇರಿತು. ವಾರಗಳು ಉರುಳಿದವು. ಮೊದಲು ಹೊರಬಂದ ಗಿಡಗಳು ಮೊಳಕಾಲೆತ್ತರ ಬೆಳೆದು ಎಲೆಯ ಮೇಲೆ ಎಲೆ ಬಿಟ್ಟವು. ಅಲ್ಲೊಂದು ಇಲ್ಲೊಂದು ಮೊಗ್ಗು ಕಂಡಿದ್ದು ಬಿಟ್ಟರೆ ಬರೀ ಹಸಿರು. ತಪ್ಪು ತಣ್ಣನೆ ಕೋಣೆಯವಳದೇ ಎಂದು ಆಫೀಸಿನಲ್ಲಿ ಗುಸುಗುಸು ಎದ್ದಿತು. ಪುಟ್ಟಿ ದಿನಾ ಬೆಳಗ್ಗೆ ಕೊನೆಯ ಸಾಲಿಗೆ ಓಡಿ, ಎಲೆ ಸರಿಸಿ, ನಡುವಿನ ಸುಳಿ ನೋಡಿ, ಬಾಡಿದ ಮುಖದಲ್ಲಿ ವಾಪಸಾಗುತ್ತಿದ್ದಳು.

ಒಂದು ಬೆಳಗ್ಗೆ ಅವಳು ವಾಪಸಾಗಲಿಲ್ಲ. ದೊಡ್ಡಮ್ಮ ಹುಡುಕಿಕೊಂಡು ಬಂದಾಗ ಕುಂಡಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಇಡೀ ಸಾಲು ಮೊಗ್ಗು ಬಿಟ್ಟಿತ್ತು. ಒಂದೊಂದು ಸುಳಿಯಲ್ಲಿ ನಾಲ್ಕು, ಐದು, ಹಸಿರು ಅಕ್ಕಿಕಾಳಿನಂಥವು. ಒಂದು ಗಿಡವೂ ತಪ್ಪಿರಲಿಲ್ಲ.

ಸುದ್ದಿ ಕೇಳಿ ಬಂದ ಮ್ಯಾನೇಜರು ಎರಡೂ ಕಡೆ ನೋಡಿದರು. ಅಷ್ಟು ಖಂಡಿತವಾಗಿ ಹೇಗೆ ಗೊತ್ತಾಯಿತು ಎಂದು, ಈ ಸಲ ಮೆತ್ತಗೆ ಕೇಳಿದರು.

"ಗಡ್ಡೆ ಜೊತೆ ಒಳಗಿದ್ದವಳು ನಾನಲ್ವಾ? ಶಾಲು ಬಿಚ್ಚಿಟ್ಟ ದಿನ ಅದಕ್ಕೂ ಚಳಿ ಇರಲಿಲ್ಲ, ನನಗೂ ಇರಲಿಲ್ಲ."

ಪುಟ್ಟಿ ಆ ಹೆಂಗಸನ್ನು ಹೊಸದಾಗಿ ಕಾಣುತ್ತಿರುವಂತೆ ನೋಡಿದಳು. ಪೆಟ್ಟಿಗೆ ಎತ್ತಿ ಎತ್ತಿ ಬಾಗಿದ ಬೆರಳು, ಚಳಿಗೆ ಒಡೆದ ಗೆಣ್ಣು. ಕಂಪನಿಯ ಯಾವ ಕಾಗದದಲ್ಲೂ ಇಲ್ಲದ ಸತ್ಯ ಆ ಚರ್ಮದಲ್ಲಿತ್ತು. ಆಫೀಸಿಗೆ ಓಡಿ ರಿಜಿಸ್ಟರು ತಂದು ಕುಂಡಗಳ ಪಕ್ಕ ಬಿಚ್ಚಿಟ್ಟಳು.

ಮ್ಯಾನೇಜರು ಹದಿನಾರು ಸಾಲುಗಳಲ್ಲಿದ್ದ 'ಐದು ಡಿಗ್ರಿ'ಯನ್ನು ಒಂದೊಂದಾಗಿ ಹೊಡೆದುಹಾಕಿ ಪೆನ್ನು ಮುಚ್ಚಹೊರಟರು.

"ಮುಚ್ಚಬೇಡಿ ಸಾರ್," ಎಂದಳು ದೊಡ್ಡಮ್ಮ. "ಚಳಿ ಬೇಕಾಗಿರೋದು ಗಡ್ಡೆಗೆ. ನಮಗೆ ಕೋಟು ಬೇಕು. ಎರಡು ಅಂತ ಬರೀರಿ."