ಫೇಲಾದರೆ ಉಳಿಯುವ ಟೀಚರ್

ಹಾಳಾದ್ದು, ಬೆಳಿಗ್ಗೆಯಿಂದ ನಮಸಿಕುವಿನ ಕೈ ನಡುಗುತ್ತಲೇ ಇತ್ತು. ಬಾಯಿಂದ ಪಾಠ ಹೇಳುವವರ ಕೈ ನಡುಗಿದರೆ ಸೆರಗಿನಡಿಯಲ್ಲೋ ಜೇಬಿನಲ್ಲೋ ಬಚ್ಚಿಟ್ಟುಕೊಳ್ಳಬಹುದು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವಳಿಗೆ ಕೈಯೇ ನಾಲಿಗೆ. ಅದು ನಡುಗಿದರೆ ತುಂಬಿದ ಸಭೆಯಲ್ಲಿ ತೊದಲಿದ ಹಾಗೆ. ಮಕ್ಕಳು ಒಳಗೆ ಬರುವ ಮೊದಲೇ ಅವಳು ಬೆಂಚುಗಳನ್ನು ಎಳೆದೆಳೆದು ಜಾಗ ಬದಲಿಸಿದಳು. ಕಿಟಕಿಯ ಬೆಳಕು ತನ್ನ ಮುಖಕ್ಕೆ ಬೀಳಬೇಕು. ಬೆನ್ನಿಗೆ ಬಿದ್ದರೆ ಮಕ್ಕಳಿಗೆ ಕಾಣುವುದು ಬರೀ ಕಪ್ಪು ನೆರಳು. ಇವತ್ತು ಬರುವ ಪರೀಕ್ಷಕರು ಅಷ್ಟಕ್ಕೇ ಅಂಕ ಕಳೆಯುತ್ತಾರೆ.

ಮುಚ್ಚುಮರೆ ಯಾಕೆ, ನಮಸಿಕು ಈ ವಿದ್ಯೆಗೆ ಬಂದದ್ದು ಕಿವುಡ ಮಕ್ಕಳ ಮೇಲಿನ ಕರುಣೆಯಿಂದಲ್ಲ. ಒಂಬತ್ತು ವರ್ಷ ಅವಳು ನದಿ ಬಯಲಿನ ಆಚೆಯ ಹಳ್ಳಿ ಶಾಲೆಯೊಂದರಲ್ಲಿ ಸಾಮಾನ್ಯ ಟೀಚರಾಗಿ ಕೊಳೆತಳು. ಗಂಡ ಮುಬಿಟಾನಿಗೆ ದೂರದ ಲಿವಿಂಗ್‌ಸ್ಟನ್ ಪೇಟೆಯ ಹೋಟೆಲಿನಲ್ಲಿ ಕೆಲಸ. ಮಕ್ಕಳಿಬ್ಬರೂ ಅವನ ಜೊತೆ, ಅತ್ತೆಯ ಕೈಯಲ್ಲಿ. ವರ್ಗ ಕೊಡಿ ಎಂದು ಕಚೇರಿಗೆ ಅಲೆದು ಚಪ್ಪಲಿ ಸವೆದದ್ದೇ ಬಂತು. ಕೊನೆಗೆ ಅಲ್ಲಿಯ ಗುಮಾಸ್ತೆಯೊಬ್ಬಳು ಕಿವಿಯಲ್ಲಿ ಊದಿದಳು: "ವಿಶೇಷ ಮಕ್ಕಳ ಡಿಪ್ಲೊಮಾ ಮಾಡ್ಕೊಳ್ಳೇ. ಅಂಥ ಶಾಲೆಗಳು ಇರೋದೆಲ್ಲ ಪೇಟೇಲಿ. ನಿನ್ನನ್ನ ಅವರೇ ಎತ್ತಿಕೊಂಡು ಹೋಗ್ತಾರೆ."

ಸರಿ, ನಮಸಿಕು ಓದಲು ಕೂತಳು. ಕಿವಿಯೊಳಗಿನ ಎಲುಬು ನರಗಳ ಹೆಸರು ಉರುಹೊಡೆದಳು. ಯಾವ ಮಗುವಿಗೆ ಎಷ್ಟು ಕೇಳಿಸುತ್ತದೆ ಎಂದು ಯಂತ್ರ ಬರೆದುಕೊಟ್ಟ ಗೆರೆ ನೋಡಿ ಹೇಳುವುದನ್ನು ಕಲಿತಳು. ಕೈಭಾಷೆಯ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು ಎದ್ದಳು. ಒಂದೊಂದು ಮಗುವಿಗೂ ಬೇರೆ ಬೇರೆ ಪಾಠದ ಯೋಜನೆ ಬರೆದು ಬರೆದು ಬೆರಳು ಕಡ್ಡಿಯಾಯಿತು. ಕೊನೆಗೆ ಉಳಿದದ್ದು ಮೊಂಗು ಪಟ್ಟಣದ ಈ ಕಿವುಡ ಮಕ್ಕಳ ತರಗತಿಯಲ್ಲಿ ಮೂರು ತಿಂಗಳ ಒಂದು ಅವಧಿ ಪಾಠ, ಅದರ ಕೊನೆಗೆ ಪರೀಕ್ಷಕರ ಮುಂದೆ ಎರಡು ತರಗತಿ. ಎರಡೂ ಸೇರಿ ಗೆದ್ದರೆ ಪ್ರಮಾಣಪತ್ರ. ತಪ್ಪಿದರೆ ಇಡೀ ಅವಧಿ ಮತ್ತೆ ಮಾಡಬೇಕು. ಆದರೆ ಅವಳ ಓದುವ ರಜೆ ಈ ತಿಂಗಳಿಗೇ ಮುಗಿಯುತ್ತಿತ್ತು, ಇನ್ನೊಂದು ಸಲ ಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ತಪ್ಪಿದರೆ ಮತ್ತೆ ಅದೇ ಬಯಲು, ಅದೇ ಹಳ್ಳಿ. ಕಳೆದ ರಜೆಯಲ್ಲಿ ಮನೆಗೆ ಹೋದಾಗ ಕಿರಿಮಗಳು ಅಜ್ಜಿಯ ಲಂಗದ ಹಿಂದೆ ಅಡಗಿ, "ಈ ಆಂಟಿ ಎಷ್ಟು ದಿನ ಇರ್ತಾರೆ?" ಎಂದು ಕೇಳಿದ್ದಳು. ಅದನ್ನು ನೆನೆದರೆ ನಮಸಿಕುವಿಗೆ ಅನ್ನ ಇಳಿಯುತ್ತಿರಲಿಲ್ಲ.

ಪರೀಕ್ಷಕ ಮುಕೆಲಬಾಯಿ ಬಿಸಿಲೇರುವ ಹೊತ್ತಿಗೆ ಬಂದ. ಒಣಗಿದ ಮೀನಿನಂಥ ಮುದುಕ. ತರಬೇತಿಗೆ ಬಂದ ಟೀಚರ್‌ಗಳು ಬೆನ್ನ ಹಿಂದೆ ಇಟ್ಟ ಹೆಸರು ಕತ್ತರಿ. ಎದುರಿಗೆ ಮಾತ್ರ ಎಲ್ಲರೂ ಮರ್ಯಾದೆಯಿಂದ 'ಬೋ' ಸೇರಿಸಿಯೇ ಕರೆಯಬೇಕು, ಅವನೂ ಹಾಗೆಯೇ ಕರೆಯುತ್ತಾನೆ.

"ಕೂತ್ಕೊಳ್ಳಿ, ಬೋ ಮುಕೆಲಬಾಯಿ. ದಾರಿ ಹೇಗಿತ್ತು?"

"ದಾರಿ ಎಲ್ಲಿದೆ, ಬರೀ ಮರಳು. ಅರ್ಧ ತಿಂದೇ ಬಂದೆ. ಶುರು ಮಾಡಿ, ಬೋ ನಮಸಿಕು. ಟೀ ಕುಡಿಯೋಕೆ ಮುಂಚೆ ನನಗೆ ಕೋಪ ಜಾಸ್ತಿ."

ಮೊದಲನೆಯದು ಕಳೆಯುವ ಲೆಕ್ಕ. ಬಣ್ಣದ ಕಾಗದದಲ್ಲಿ ಅವಳೇ ಮೀನು ಕತ್ತರಿಸಿ ತಂದಿದ್ದಳು. ಬುಟ್ಟಿಯಲ್ಲಿ ಒಂಬತ್ತು ಮೀನು, ಬೆಕ್ಕು ನಾಲ್ಕು ತಿಂದಿತು, ಉಳಿದದ್ದೆಷ್ಟು? ನಿನ್ನೆ ಇದೇ ಲೆಕ್ಕವನ್ನು ಮಕ್ಕಳು ನೀರು ಕುಡಿದಷ್ಟು ಸುಲಭವಾಗಿ ಮಾಡಿದ್ದರು. ಅವಳು ನಲಿಶೇಬೊಳನ್ನು ಕರೆದಳು. ತರಗತಿಗೆಲ್ಲ ಹಿರಿಯಳು ಅವಳು. ಶಾಲೆಗೆ ಬರುವ ಹೊತ್ತಿಗೆ ಹನ್ನೊಂದು ತುಂಬಿತ್ತು, ಅಲ್ಲಿಯವರೆಗೆ ತನಗೊಂದು ಹೆಸರಿದೆ ಎಂಬುದೂ ಗೊತ್ತಿರಲಿಲ್ಲ. ಈಗ ತರಗತಿಯ ಬುದ್ಧಿಯೆಲ್ಲ ಅವಳದೇ. ನಲಿಶೇಬೊ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದೊಡ್ಡದಾಗಿ ಹದಿಮೂರು ಎಂದು ಬರೆದಳು.

ನಮಸಿಕು ನಾಲ್ಕು ಕಾಗದದ ಮೀನು ಬುಟ್ಟಿಯಿಂದ ಹೊರತೆಗೆದಳು. ಮತ್ತೆ ತೋರಿಸಿದಳು: ಬೆಕ್ಕು ತಿಂದಿತು, ಹೋಯಿತು, ಇಲ್ಲ. ಇನ್ನೊಬ್ಬ ಬಂದು ಇಪ್ಪತ್ತು ಬರೆದ. ಮತ್ತೊಬ್ಬಳು ಬೆಕ್ಕಿನ ಚಿತ್ರ ಬರೆದು ಕೂತಳು.

"ನಿಮ್ಮ ಬೆಕ್ಕು ತಿನ್ನುತ್ತೋ, ಮೀನು ಸಾಕುತ್ತೋ?" ಎಂದ ಮುಕೆಲಬಾಯಿ.

"ನಿನ್ನೆ ಬರ್ತಿತ್ತು, ಬೋ ಮುಕೆಲಬಾಯಿ. ದೇವರಾಣೆಗೂ ಬರ್ತಿತ್ತು."

"ನಿನ್ನೆ ನಾನು ಬಂದಿರಲಿಲ್ಲವಲ್ಲ."

ಅವಳು ಮಕ್ಕಳತ್ತ ತಿರುಗಿದಳು. ಆಗಲೇ ಕಣ್ಣಿಗೆ ಬಿತ್ತು: ಮುಂದಿನ ಸಾಲಿನ ಪುಟ್ಟ ಕಮೂಟಿ ತನ್ನ ಸ್ಲೇಟಿನಲ್ಲಿ ಅಭ್ಯಾಸಬಲದಿಂದ ಐದು ಎಂದು ಬರೆದ. ಪಕ್ಕದಿಂದ ನಲಿಶೇಬೊ ಮೊಣಕೈಯಲ್ಲಿ ತಿವಿದಳು. ಅವನು ಗಾಬರಿಯಾಗಿ ಅಂಗೈಗೆ ಉಗುಳಿ ಐದನ್ನು ಒರೆಸಿ, ನೂರು ಬರೆದು, ಸರಿಯಾಯಿತೇ ಎಂದು ನಲಿಶೇಬೊಳ ಮುಖ ನೋಡಿದ. ಅಯ್ಯೋ ದೇವರೇ, ಇದು ಮರೆವಲ್ಲ. ಬೇಕಂತಲೇ ಮಾಡುತ್ತಿದ್ದಾರೆ.

ಗಂಟೆಯ ಬದಲು ಈ ಶಾಲೆಯಲ್ಲಿ ದೀಪ ಹಾಕಿ ಆರಿಸುತ್ತಾರೆ. ದೀಪ ಮಿನುಗಿತು. ಮುಕೆಲಬಾಯಿ ಎದ್ದು, "ಇಂಥದ್ದು ಇನ್ನೊಂದು ಆದ್ರೆ ನನ್ನ ಕೈಲೂ ಏನೂ ಇರಲ್ಲ. ಮುಂದಿನ ತರಗತಿ ಅಪ್ಪಟ ಚಿನ್ನ ಆಗಿರ್ಬೇಕು, ಆಗ ಎರಡನ್ನೂ ಸೇರಿಸಿ ನೋಡೋಣ," ಎಂದು ಹೇಳಿ, ಅಡುಗೆಯವಳ ಟೀ ಮತ್ತು ಸಿಹಿ ಬೋಂಡದ ವಾಸನೆ ಹಿಡಿದು ನಡೆದ.

ನಮಸಿಕು ಬಾಗಿಲು ಹಾಕಿ ಮೇಜು ಗುದ್ದಿದಳು. ನೆಲದ ಅದುರಿಗೆ ಮಕ್ಕಳೆಲ್ಲ ಬೆಚ್ಚಿ ಅವಳತ್ತ ತಿರುಗಿದರು.

"ಯಾಕೆ?" ಎಂದು ಕೈಯಲ್ಲೇ ಕೇಳಿದಳು. "ನಾನು ನಿಮಗೆ ಏನು ಮಾಡಿದೆ? ಹೊಡೆದೆನಾ? ಬೈದೆನಾ?"

ಎಲ್ಲರೂ ನಲಿಶೇಬೊಳತ್ತ ನೋಡಿದರು. ಅವಳು ಎದ್ದು ನಿಂತು, ಅಳುಕಿಲ್ಲದೆ, ಕೈ ಬೀಸಿ ಬೀಸಿ ಹೇಳಿದಳು: "ಹೋದ ವರ್ಷ ದಪ್ಪ ಟೀಚರ್ ಬಂದಿದ್ರು. ಆ ಅಜ್ಜನ ಮುಂದೆ ಫೇಲಾದ್ರು. ಇನ್ನೊಂದು ಅವಧಿ ನಮ್ಮ ಜೊತೇನೇ ಇದ್ರು. ಬೇರೆ ಎಲ್ಲ ಟೀಚರ್‌ಗಳು ಪಾಸಾದ್ರು, ಎಲ್ಲರೂ ಹೋದ್ರು. ಮತ್ತೆ ಬರ್ತೀವಿ ಅಂತಾರೆ, ಯಾರೂ ಬರಲ್ಲ. ಪಾಸಾದವರು ಹೋಗ್ತಾರೆ. ಫೇಲಾದವರು ಇರ್ತಾರೆ. ನೀವು ಒಳ್ಳೆಯವರು. ಅದಕ್ಕೆ ಫೇಲ್ ಮಾಡ್ತಿದ್ದೀವಿ."

ಕಮೂಟಿ ಜೋರಾಗಿ ತಲೆಯಾಡಿಸಿದ. ಇಂಥ ಪ್ರೀತಿ ಶತ್ರುವಿಗೂ ಬೇಡ. ನಮಸಿಕು ನೆಲದ ಮೇಲೆ ಅವರ ಮುಂದೆ ಕೂತಳು.

"ನಾನು ಫೇಲಾದ್ರೂ ಇಲ್ಲಿ ಇರೋಕಾಗಲ್ಲ. ನನ್ನ ರಜೆ ಮುಗೀತು. ಫೇಲಾದ್ರೆ ನಾನು ನಿಮ್ಮಂಥ ಮಕ್ಕಳಿಗೆ ಟೀಚರೇ ಆಗಲ್ಲ. ಇಲ್ಲೂ ಇಲ್ಲ, ಎಲ್ಲೂ ಇಲ್ಲ."

ಇದನ್ನು ಅವರು ಯೋಚಿಸಿರಲಿಲ್ಲ. ನಲಿಶೇಬೊ ಹತ್ತಿರ ಬಂದಳು. ಆಮೇಲೆ ಕೇಳಿದಳು: "ಪಾಸಾದ್ರೆ ನಮ್ಮೂರಿಗೆ ಹೋಗ್ತೀರಾ? ನಮುಲೊಂಡೊಗೆ?"

"ಅಲ್ಲಿ ಏನಿದೆ?"

"ಒಬ್ಬ ಹುಡುಗ ಇದ್ದಾನೆ. ನನ್ನ ಹಾಗೇ. ದನ ಕಾಯ್ತಾನೆ. ಯಾರೂ ಅವನ ಜೊತೆ ಮಾತಾಡಲ್ಲ, ಅವನಿಗೆ ಒಂದು ಮಾತೂ ಗೊತ್ತಿಲ್ಲ. ರಜೆಗೆ ಹೋದಾಗ ನಾನು ನೀರು, ಬಾ, ಹಸಿವು ಅಂತ ಕಲಿಸ್ತೀನಿ. ಮತ್ತೆ ಹೋಗೋ ಹೊತ್ತಿಗೆ ಮರೆತಿರ್ತಾನೆ. ಅಲ್ಲಿ ಶಾಲೇಲಿ ನಮ್ಮಂಥವರಿಗೆ ಅಂತ ಕೋಣೆ ಕಟ್ಟಿದ್ದಾರೆ. ಟೀಚರಿಲ್ಲ. ಜೋಳದ ಚೀಲ ಇಟ್ಟಿದ್ದಾರೆ. ಹೋಗ್ತೀರಾ?"

ನಮುಲೊಂಡೊ ಅವಳಿಗೆ ಗೊತ್ತಿತ್ತು. ಅವಳ ಹಳೆಯ ಹಳ್ಳಿಗಿಂತಲೂ ಆಚೆ. ದೋಣಿ ಇಳಿದು ಎತ್ತಿನ ಗಾಡಿ ಹಿಡಿಯಬೇಕು, ಪ್ರವಾಹ ಬಂದರೆ ಅದೂ ಇಲ್ಲ. ಹೊರಗೆ ಮುಕೆಲಬಾಯಿಯ ಕೆಮ್ಮು ಹತ್ತಿರವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ.

"ಆಯ್ತು," ಎಂದಿತು ಅವಳ ಕೈ. "ಹೋಗ್ತೀನಿ."

ಸುಳ್ಳು ಹೇಳುವುದು ಕೈಯಲ್ಲಿ ಎಷ್ಟು ಸುಲಭ ಎಂದು ಅವಳಿಗೇ ಆಶ್ಚರ್ಯವಾಯಿತು.

ಎರಡನೆಯ ತರಗತಿಯನ್ನು ಏನೆಂದು ಹೇಳಲಿ. ಸಂತೆಯ ಚಿತ್ರ ನೋಡಿ ವಾಕ್ಯ ಕಟ್ಟುವ ಪಾಠ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಕೊಟ್ಟರು. ಕಮೂಟಿ ಮಾವಿನಹಣ್ಣು ಮಾರುವ ಮುದುಕಿಯನ್ನು ಅಣಕಿಸಿ, ಗಿರಾಕಿಗೆ ಕೊಳೆತ ಹಣ್ಣು ಕೊಟ್ಟಂತೆ ನಟಿಸಿ, ಕೇಳದೆಯೇ ಪೂರ್ತಿ ವಾಕ್ಯ ಬರೆದ. ನಲಿಶೇಬೊ ಹಲಗೆಯಲ್ಲಿ ಉಳಿದಿದ್ದ ಹದಿಮೂರನ್ನು ಅಳಿಸಿ, ಯಾರೂ ಕೇಳದಿದ್ದರೂ ಐದು ಎಂದು ಬರೆದು ಬಂದು ಕೂತಳು. ಮುಕೆಲಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಟೀಯಲ್ಲಿ ಏನಾದ್ರೂ ಬೆರೆಸಿದ್ರಾ? ನನಗೋ, ಮಕ್ಕಳಿಗೋ?" ಎಂದ. ಆಮೇಲೆ ಮೆಲ್ಲಗೆ, "ಪಾಸಾದ್ರಿ, ಬೋ ನಮಸಿಕು," ಎಂದ.

ಆ ಮಾತಿಗೆ ಎಷ್ಟು ವರ್ಷದಿಂದ ಕಾದಿದ್ದಳೋ.

"ಇನ್ನೊಂದೇ ಕೆಲಸ. ಎಲ್ಲಿಗೆ ಹಾಕ್ಬೇಕು ಅಂತ ನಾನು ಶಿಫಾರಸು ಕಳಿಸ್ಬೇಕು. ನನ್ನ ಮಾತನ್ನ ಅವರು ತೆಗೆದುಹಾಕಲ್ಲ. ಎಲ್ಲಿಗೆ ಬೇಕು?"

ಮಕ್ಕಳೆಲ್ಲ ಅವಳ ತುಟಿಯನ್ನೇ ನೋಡುತ್ತಿದ್ದರು. ತುಟಿಯಾಡುವುದು ನೋಡಿ ಊರಿನ ಹೆಸರು ಹಿಡಿಯುವುದನ್ನು ಅವಳೇ ಕಲಿಸಿದ್ದಳು. ನಮಸಿಕು ಹಲಗೆಯತ್ತ ತಿರುಗಿದಳು. ಡಸ್ಟರ್ ಹುಡುಕುವವಳಂತೆ ಬೆನ್ನು ಮಾಡಿ, ತುಟಿ ಹೆಚ್ಚು ಅಲುಗಿಸದೆ, "ಲಿವಿಂಗ್‌ಸ್ಟನ್," ಎಂದಳು.

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ನಲಿಶೇಬೊ ಬೆಂಚು ದಾಟಿ ಬಂದಾಗಿತ್ತು. ಮಾತಾಡುವವರು ಬೆನ್ನು ಮಾಡಿದರೆ ಸುತ್ತಿ ಬಂದು ಎದುರಿಗೆ ನಿಲ್ಲುವುದು ಅವರ ರೂಢಿ, ಅದರಲ್ಲಿ ಅವರಿಗೆ ಯಾವ ಅಪನಂಬಿಕೆಯೂ ಇಲ್ಲ. ಅವಳು ಹಲಗೆಗೂ ನಮಸಿಕುವಿಗೂ ನಡುವೆ ನುಸುಳಿ, ಮುಖವೆತ್ತಿ, "ಕಾಣಿಸಲಿಲ್ಲ. ಇನ್ನೊಂದ್ಸಲ ಹೇಳಿ," ಎಂದಳು.

ಮುಕೆಲಬಾಯಿಗೆ ಕೈಭಾಷೆ ಬರುತ್ತಿತ್ತು. ಅವನು ಪೆನ್ನು ಎತ್ತಿ ಹಿಡಿದ.

ನಮಸಿಕುವಿಗೆ ಆ ಮುಖಕ್ಕೆ ಎರಡನೆಯ ಸಲ ಸುಳ್ಳು ಹೇಳಲಾಗಲಿಲ್ಲ. "ಲಿವಿಂಗ್‌ಸ್ಟನ್," ಎಂದು ಕೈಯಲ್ಲೇ ಹೇಳಿದಳು. "ನನ್ನ ಮಕ್ಕಳು ಅಲ್ಲಿದ್ದಾರೆ. ಚಿಕ್ಕವರು. ಕಿರಿಯವಳಿಗೆ ನನ್ನ ಗುರುತೇ ಇಲ್ಲ."

ಹುಡುಗಿ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದಳು. ಸಿಟ್ಟಾಗಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು: "ಅವರಿಗೆ ಕಿವಿ ಕೇಳಿಸುತ್ತಾ?"

"ಕೇಳಿಸುತ್ತೆ."

"ಹಾಗಾದ್ರೆ ಅವರ ಜೊತೆ ಫೋನಲ್ಲಿ ಮಾತಾಡಿ. ನಮ್ಮೂರ ಹುಡುಗನಿಗೆ ಫೋನಲ್ಲಿ ಆಗಲ್ಲ."

ಅಷ್ಟೇ ಹೇಳಿದ್ದು. ನಮಸಿಕುವಿಗೆ ಮೈಯೆಲ್ಲ ಉರಿದುಹೋಯಿತು. ಇವಳ್ಯಾರು ಹೇಳುವುದಕ್ಕೆ? ಅಜ್ಜಿಯ ಲಂಗದ ಹಿಂದಿನಿಂದ ಇಣುಕುವ ಆ ಮುಖ ಇವಳಿಗೆ ಗೊತ್ತೇ? ಒಂಬತ್ತು ವರ್ಷ ಸಾಲದೇ? ಉತ್ತರ ಕೊಡಲು ಕೈಯೆತ್ತಿದಳು. ಆ ಎತ್ತಿದ ಕೈಯ ಮುಂದೆ ಬಂದು ನಿಂತದ್ದು, ಒಂದು ಮಾತೂ ಇಲ್ಲದೆ ದನ ಕಾಯುವ ಆ ಹುಡುಗ.

"ನಾನು ಮುದುಕ, ಬೋ ನಮಸಿಕು. ಕೈ ನೋಯುತ್ತೆ," ಎಂದ ಮುಕೆಲಬಾಯಿ. "ಏನು ಬರೀಲಿ?"

"ನಮುಲೊಂಡೊಗೆ ಯಾರಾದ್ರೂ ಕೇಳಿದ್ದಾರಾ?"

"ಆ ಕೋಣೆ ಕಟ್ಟಿದಾಗಿನಿಂದ ಯಾರೂ ಕೇಳಿಲ್ಲ. ಕೇಳಿದವರನ್ನ ಎರಡು ವರ್ಷ ಅಲ್ಲಿಂದ ಅಲ್ಲಾಡೋಕೆ ಬಿಡಲ್ಲ. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿದರೆ ತಾನು ಲಿವಿಂಗ್‌ಸ್ಟನ್ ಎಂದೇ ಹೇಳುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮಕ್ಕಳ ಕಡೆ ಪೂರ್ತಿ ತಿರುಗಿ, ಬಾಯಿಯಲ್ಲೂ ಕೈಯಲ್ಲೂ ಒಟ್ಟಿಗೆ, "ನಮುಲೊಂಡೊ," ಎಂದಳು. ಮುಕೆಲಬಾಯಿಗೆ, "ಬೇಗ ಬರೀರಿ, ಬೋ ಮುಕೆಲಬಾಯಿ. ನನ್ನ ಮನಸ್ಸು ಅಷ್ಟು ಗಟ್ಟಿಯಲ್ಲ," ಎಂದಳು.

ಅವನು ಬರೆದ. ನಲಿಶೇಬೊ ಅವನ ಪೆನ್ನು ನಿಲ್ಲುವವರೆಗೂ ನೋಡುತ್ತಿದ್ದು, ಥ್ಯಾಂಕ್ಸೂ ಹೇಳದೆ, ನಮಸಿಕುವಿನ ತೋಳು ಹಿಡಿದೆಳೆದು ದಾರಿ ಹೇಳತೊಡಗಿದಳು: ಯಾವ ದಡದಲ್ಲಿ ಇಳಿಯಬೇಕು, ಯಾವ ಗಾಡಿಯವನು ಹೆಚ್ಚು ಹಣ ಕೇಳುತ್ತಾನೆ, ಹುಡುಗ ಸಂಜೆ ದನ ಕಟ್ಟುವುದು ಎಲ್ಲಿ. ಅದರಲ್ಲಿ ಅರ್ಧವೂ ನಮಸಿಕುವಿನ ತಲೆಗೆ ಹೋಗಲಿಲ್ಲ. ಇನ್ನು ಎರಡು ವರ್ಷ ಮನೆಯಲ್ಲಿರಲು ಬರುವುದಿಲ್ಲ ಎಂಬುದನ್ನು ಕಿರಿಮಗಳಿಗೆ ಹೇಗೆ ಹೇಳುವುದೆಂದು ಅವಳು ಮಾತು ಹುಡುಕುತ್ತಿದ್ದಳು.